ಟಿವಿಗಿ ಬೆನ್ನ ಮಾಡಿ ಕುಂತಾಂವ

ಮಂದಿಗಿಂತ ಒಂದೀಟ ಮೊದಲ ಸುದ್ದಿ ಗೊತ್ತಾಗೂದು ಅಂದ್ರ ಅದೊಂದ ನಮೂನಿ ನಶಾ ನೋಡ್ರಿ. ಸೆರೆ ಕುಡದಾಂವಗ ಮುಂಜಾನಿ ಅನ್ನೂದ್ರಾಗ ಇಳೀತೈತಿ, ಈ ನಶಾ ಹತ್ತಿದಾಂವಗ ಸಾಯೂತನಾ ಇಳ್ಯಾಂಗಿಲ್ಲ. ನನಗ ಹತ್ತಿದ್ದು ಹಿಡಕಲ್ ಡ್ಯಾಮಿನ್ಯಾಗ. ನಾ ಅಲ್ಲಿ ಕಾಲುವಿ ಗೇಟ ಎತ್ತಾಂವ, ಇಳಸಾಂವ. ಮುಂಜಾನಿ ಗೇಟ ಎತ್ತಿದ್ರ ನೀರು ನಮ್ಮ ಮೂಡಲಗಿ ಕಡೆ ಮುಟ್ಟಾಕ ಮರುದಿನ ಆಗತಿತ್ತು. ನೀರು ಅಂದ್ರ ಮಣ್ಣ ಕುಡ್ಕೋತ, ಕಸಾ ತಳ್ಕೋತ, ಪಗಾರ ಸಿಗದ ಆಳಿನಗತೆ ನಿಧಾನ ಬರ್ತೈತಿ. ನಾ ಡ್ಯೂಟಿ ಮುಗಿಸಿ ಬಸ್ಸಿನ್ಯಾಗ ಬರ್ತಿದ್ದೆ. ನೀರಿಗಿಂತ ಬಸ್ಸ ಜೋರ. ಕಲ್ಲೋಳಿ ಬಾಜೂ ಇಳದು, ಒಣಗಿದ ಕಾಲುವ್ಯಾಗ ಮಕಾಡಿ ಮಲಗಿ, ನೆಲಕ್ಕ ಕಿವಿ ಹಚ್ಚಿ, ಕಣ್ಣ ಮುಚ್ಚಿ, "ನಾಳೆ ಮಧ್ಯಾಹ್ನದ ಊಟದ ಹೊತ್ತಿಗಿ ನೀರ ಬರ್ತೈತ್ರಿ, ಬದು ಸರಿ ಮಾಡ್ಕೋರಿ" ಅಂತಿದ್ದೆ. ನೀರ ಬಂದ್ಮ್ಯಾಲ ಕೇಳತೀರಿ? ಬದನಿಕಾಯಿ ಏನ, ಸವತಿಕಾಯಿ ಏನ, ಕಬ್ಬಿನ ಹಾಲ ಏನ. ನಾ ಎಲ್ಲಿ ನೌಕರಿ ಮಾಡ್ತೀನಿ ಅಂತ ಗೊತ್ತಿದ್ದ ಮಂದೀನೂ ಕೈ ಮುಗೀತಿತ್ತು. ಮಂದಿಗಿ ಕೈ ಮುಗಿಯೂದ ಬೇಕಾಗಿರ್ತೈತಿ, ಯಾರಿಗಿ ಅನ್ನೂದು ಆಮ್ಯಾಲಿನ ಮಾತು.

ರಿಟೈರ್ ಆದ ಮ್ಯಾಲ ನನ್ನ ಕಡೆ ಗೇಟೂ ಇಲ್ಲ, ನೀರೂ ಇಲ್ಲ. ಊರಿನ ಸುದ್ದಿ ಎಲ್ಲಾ ಎಲ್ಲಾರ ಕೂಡ ಒಮ್ಮೆ ಕೇಳಬೇಕಾಗಿ ಬಂತು. ಇದಕ್ಕಿಂತ ದರಿದ್ರ ಯಾವ್ದೈತಿ ಹೇಳ್ರಿ? ನಾಕ ವರ್ಷ ಕಟ್ಟಿ ಮ್ಯಾಲ ಕುಂತು ಒಣಗಿದೆ. ಆವಾಗ ನಮ್ಮ ಭರಮಣ್ಣ ಮನಿಗಿ ಡಿಶ್ ತಂದ. ಎರಡ ಸಾವಿರದ ಐದೋ ಆರೋ ಇರಬೇಕು.

ಭರಮಣ್ಣ ಅಂದ್ರ ನಮ್ಮ ಬಾಜೂ ಮನಿಯಾಂವ, ಮೂಡಲಗಿ ಪ್ಯಾಟ್ಯಾಗ ಅರಿವಿ ಅಂಗಡಿ. ಸಾಲಿ ಕಲಿಯೂವಾಗಿಂದ ನನ್ನ ದೋಸ್ತ. ಅಂವಾ ಜೈನ, ನಾ ಲಿಂಗಾಯತ. ಅವನ ಹೆಂಡ್ತಿ ಚಂಪಾ ವೈನಿ ಹೊತ್ತ ಮುಳುಗೂದ್ರಾಗ ಎಲ್ಲಾರಿಗೂ ಉಣಿಸಿ ಒಲಿ ಆರಸತಿದ್ಲು, ನಮ್ಮನಿಯಾಕಿ ಆವಾಗ ರೊಟ್ಟಿಗಿ ಹಿಟ್ಟ ನಾದಾಕ ಕುಂದರತಿದ್ಲು. ಇಷ್ಟ ನಮ್ಮ ಎರಡೂ ಮನಿಗಿ ಫರಕ. ಇನ್ನ ನಡಕ ಇದ್ದದ್ದು ಒಂದ ಮಾರ ಅಗಲದ ಸಂದಿ. ಅವರ ಪಡಸಾಲಿ ಕಿಡಕಿ, ನಮ್ಮ ಪಡಸಾಲಿ ಕಿಡಕಿ ಮುಖಾಮುಖಿ.

ಅಲ್ಲೀತನಾ ಓಣಿ ತುಂಬ ಮಾಳಿಗಿ ಮ್ಯಾಲ ಆಂಟೆನಾ. ಗಾಳಿ ಬಿಟ್ರ ತಿರುಗತಿತ್ತು, ಕಾಗಿ ಕುಂತ್ರ ಬಾಗತಿತ್ತು. ನಮ್ಮ ಟಿವ್ಯಾಗ ಹನ್ನೆರಡ ತಿಂಗಳೂ ಸೊಳ್ಳಿ ಹಾರ್ಯಾಡತಿದ್ವು, ಒಬ್ಬೊಬ್ಬ ಮನಶ್ಯಾನ ಬಾಜೂಕ ಅವನಂಥಾಂವ ಇನ್ನೊಬ್ಬ ಮಸಕ ಮಸಕ ನಿಂದರತಿದ್ದ. ಹನ್ನೊಂದ ಮಂದಿ ಮೈದಾನಕ್ಕ ಇಳದ್ರ ನಮ್ಮನ್ಯಾಗ ಇಪ್ಪತ್ತೆರಡ ಮಂದಿ. ಅಷ್ಟ ಮಂದಿ ಇದ್ದೂ ಸೋಲತಿದ್ರು, ಅದ ಬ್ಯಾರೆ ಮಾತು. ಭರಮಣ್ಣನ ಡಿಶ್ ಹಂಗಲ್ಲ. ಗೋಕಾಕದಿಂದ ಇಬ್ರು ಬಂದು ಬುಟ್ಟಿ ಜೋಡಿಸಿ, ಟಿವಿ ತೆಳಗ ಡಬ್ಬಿ ಇಟ್ಟ ಹೋದ್ರು. ಚಿತ್ರ ನೀರಾಗ ತೊಳದಾಂಗ. "ಬಾ ಲೇ ಬಸ್ಯಾ, ಬೌಲರಿನ ಮೀಸಿ ಕೂದಲ ಎಣಸ್ಕೋ ಬಾ" ಅಂದ ಭರಮಣ್ಣ. ಓಣಿ ಮಂದಿ ಎಲ್ಲಾ ಬಂದು ಎಣಿಸಿ ಹೋತು. ಚಂಪಾ ವೈನಿಗಿ ಅಷ್ಟ ಸಮಾಧಾನ ಇರಲಿಲ್ಲ. "ಅಣ್ಣಾರ, ಮೊದಲ ಧಾರಾವಾಹ್ಯಾಗ ಅತ್ತಿ ಅಳಾಕತ್ರ ನನಗೂ ಅಳು ಬರ್ತಿತ್ರಿ. ಈಗ ಅಕಿ ಮಾರಿ ಮ್ಯಾಲಿನ ಪೌಡರ ಬಿರಕ ಬಿಟ್ಟದ್ದ ಕಾಣತೈತಿ. ಹೆಂಗ ಅಳೂದ್ರಿ?" ಅಂದ್ಲು. ನಮ್ಮನಿಯಾಕಿ ಮಾತ್ರ, "ನಾವೂ ಒಂದ ಹಾಕಸೂಣ್ರಿ" ಅಂತ ಗಂಟ ಬಿದ್ಲು. "ಮಂದಿ ಮೀಸಿ ಎಣಿಸಿ ನೀ ಏನ ಮಾಡ್ತಿ?" ಅಂದೆ. ಹೊಟ್ಟಿಕಿಚ್ಚಿಗಿ ಅಂದದ್ದು, ಯಾಕ ಮುಚ್ಚಿಡ್ಲಿ.

ಒಂದಿನ ಮ್ಯಾಚ್ ನಡದಿತ್ತು. ನಾ ನಮ್ಮನ್ಯಾಗ ಸೊಳ್ಳಿ ಸರಿಸಿಕೋತ ನೋಡಾಕತ್ತಿದ್ದೆ. ಅಂಪೈರ್ ಬೊಟ್ಟ ಎತ್ತಿದ. ನಾ ಹಣಿ ಬಡಕೊಂಡು, ಒಂದ ಗುಟಕ ನೀರ ಕುಡದು ತಂಬಗಿ ತೆಳಗ ಇಡೂದ್ರಾಗ, ಆ ಕಿಡಕಿಯಿಂದ ಭರಮಣ್ಣ "ಅಯ್ಯಯ್ಯೋ" ಅಂದ. ಇಂವಾ ಯಾಕ ಇಷ್ಟ ತಡಾ ಅಳತಾನ ಅನಿಸ್ತು. ಮುಂದ ಒಂದ ಫೋರ್ ಬಿತ್ತು. ನಾ ಬೊಟ್ಟ ಮಡಚಿದೆ: ಒಂದ, ಎರಡ, ಮೂರ, ನಾಕ, ಐದ. ಐದಕ್ಕ ಆ ಮನ್ಯಾಗ ಚಪ್ಪಾಳಿ! ಡಿಶ್ ಚಿತ್ರ ಆಕಾಶಕ್ಕ ಹೋಗಿ, ಇಳದು, ಡಬ್ಬಿ ಒಳಗ ಜಳಕಾ ಮಾಡಿ, ಬಟ್ಟಿ ಉಟಗೊಂಡು ಹೊರಗ ಬರೂದ್ರಾಗ ನಮ್ಮ ಆಂಟೆನಾ ಚಿತ್ರ ಮೈ ತುಂಬ ಸೊಳ್ಳಿ ಕಡಿಸಿಕೊಂಡಾದ್ರೂ ಓಡಿ ಬಂದ ಮುಟ್ಟತಿತ್ತು. ನಾಕ ವರ್ಷದ ಮ್ಯಾಲ ನನ್ನ ಗೇಟ ನನಗ ತಿರುಗಿ ಸಿಕ್ಕಿತ್ತು.

ನಮ್ಮ ಟಿವಿ ಸುಟ್ಟೈತಿ ಅಂತ ಓಣ್ಯಾಗ ಸುದ್ದಿ ಹಬ್ಬಿಸಿದೆ. ನಮ್ಮನಿಯಾಕಿಗಿ, "ಆವಾಜ ಪೂರಾ ಬಂದ್ ಮಾಡು, ಟಿವಿ ಕಿಡಕಿ ಕಡೆ ಹೊಳ್ಳಿಸಿಡು, ಬಂದ್ ಮಾತ್ರ ಮಾಡಬ್ಯಾಡ" ಅಂದೆ. "ಅರವತ್ತ ದಾಟಿ ಎರಡ ವರ್ಷ ಆತು, ನಿಮಗ ಬುದ್ಧಿ ಯಾವಾಗ ಬರೂದು?" ಅಂದ್ಲು. ಅಂದ್ಲು ಖರೆ, ಹೊಳ್ಳಿಸಿಟ್ಲು. ನಾ ಭರಮಣ್ಣನ ಪಡಸಾಲ್ಯಾಗ ಕುರ್ಚಿ ಹೊಳ್ಳಿಸಿ, ಅವನ ಟಿವಿಗಿ ಬೆನ್ನ ಮಾಡಿ, ಕಿಡಕಿ ಕಡೆ ಮಾರಿ ಮಾಡಿ ಕುಂತೆ. "ಡಿಶ್ ಬೆಳಕಿಗಿ ನನ್ನ ಕಣ್ಣ ಉರೀತಾವೋ. ನಾ ಬರೇ ಕೇಳತೀನಿ." ಕಣ್ಣ ಅರ್ಧಾ ಮುಚ್ಚಿದೆ. ಸಂದಿ ಆಚಿಗಿ ನಮ್ಮ ಟಿವ್ಯಾಗ ಬಾಲ್ ಕಾಣಸತಿರಲಿಲ್ಲ, ಅಂಪೈರಿನ ಕೈ ಕಾಣಸತಿತ್ತು. ಅಷ್ಟ ಸಾಕು. "ಭರಮಣ್ಣಾ, ಇದಕ್ಕ ಸಿಕ್ಸ್" ಅಂದೆ. ಬಿತ್ತು ಸಿಕ್ಸ್. "ಈಗ ಹೋಗ್ತಾನ ನೋಡು." ಹೋದ. ಭರಮಣ್ಣನ ಕೈಯಾಗಿನ ಚಹಾ ಕಪ್ಪಿನಿಂದ ಬಶ್ಯಾಗ ಚೆಲ್ಲಿತು. ಮ್ಯಾಚ್ ಮುಗಿಯೂದ್ರಾಗ ಪಡಸಾಲಿ ತುಂಬ ಮಂದಿ, ಎಲ್ಲಾರೂ ಟಿವಿ ಬಿಟ್ಟು ನನ್ನ ಬಾಯಿ ನೋಡಾಕತ್ತಿದ್ರು. ನಮ್ಮ ಮಂದಿ ಸೋತ್ರು, ಅದರ ಕಡೆ ಯಾರಿಗೂ ಲಕ್ಷ್ಯ ಇರಲಿಲ್ಲ.

ಒಂದ ಮ್ಯಾಚಿಗಿ ಸಾಕ ಮಾಡಬೇಕಾಗಿತ್ತು. ಮಾಡಲಿಲ್ಲ. ಬೆಲ್ಲದ ಬಾಗೇವಾಡಿಯಿಂದ ಒಬ್ಬ ಎಮ್ಮಿ ಕಳಕೊಂಡಾಂವ ಹುಡಿಕ್ಕೋತ ಬಂದ. ಬಾಯಿಗಿ ಬಂದಾಂಗ "ಮೂಡಲ ದಿಕ್ಕಿಗಿ ಐತಿ" ಅಂದೆ. ಎಮ್ಮಿ ಸಿಕ್ಕಿದ್ದು ಪಡುವಲ ದಿಕ್ಕಿಗಿ, ಹುಕ್ಕೇರಿ ರಸ್ತೆ ಮ್ಯಾಲ. ಇನ್ನ ಬಡಿಯಾಕ ಬರ್ತಾನ ಅಂತ ನಾ ಒಳಗ ಅಡಗಿದ್ರ, ಅಂವಾ ತುಪ್ಪದ ತಂಬಗಿ ಹಿಡಕೊಂಡ ಬಂದಾನ! "ಮುತ್ತ್ಯಾ, ಮೂಡಲಕ್ಕ ಹೋಗಿತ್ತು, ನೀವು ಅಂದ ಕೂಡ್ಲೆ ತಿರುಗಿ ಬಂತ ನೋಡ್ರಿ." ತುಪ್ಪ ಛಲೋ ಇತ್ತು. ನಾನೂ ಭರಮಣ್ಣನೂ ಕೂಡೇ ತಿಂದ್ವಿ.

ಹಿಂಗ ಮೂರ ತಿಂಗಳ ಮೆರದೆ. ಆಮ್ಯಾಲ ಒಂದಿನ ಮಧ್ಯಾಹ್ನ, ಭರಮಣ್ಣ ಅಂಗಡಿಗಿ ಹೋದಾಗ, ಚಂಪಾ ವೈನಿ ನಮ್ಮ ಮನಿಗಿ ಬಂದ್ಲು. ಕೈಯಾಗ ಒಂದ ತಾಟ ಶೇಂಗಾ ಹೋಳಗಿ. ನಮ್ಮನಿಯಾಕಿ ಒಳಗ ಇದ್ಲು. ವೈನಿ ಕುಂದರಲಿಲ್ಲ, ಬಾಗಲಾ ಹಿಡಕೊಂಡ ನಿಂತ್ಲು.

"ಅಣ್ಣಾರ, ಹೊಟ್ಟ್ಯಾಗ ಗಂಟ ಐತಂತ್ರಿ. ಗೋಕಾಕದ ಡಾಕ್ಟರು ಬೆಳಗಾವಿಗಿ ಹೋಗಿ ಆಪರೇಶನ್ ಮಾಡಸ್ಕೋರಿ ಅಂದಾರ. ನಾ ಒಲ್ಲೆ ಅಂತ ಕುಂತೇನಿ. ಇವರು ದಿನಾ ಅಳಾಕತ್ತಾರ."

"ಅಂವಾ ನನ್ನ ಮುಂದ ಅಂದೇ ಇಲ್ಲಲ್ಲ ವೈನಿ."

"ನಾನ ಬ್ಯಾಡ ಅಂದೇನ್ರಿ. ನೀವು ಖರೆ ಹೇಳ್ರಿ. ಹೋದ್ರ ಎದ್ದ ಬರ್ತೀನಿ? ಬರಂಗಿದ್ರ ನಾಳೆನ ಹೊಂಟೆ. ಬರಂಗಿಲ್ಲಂದ್ರ ಆ ಕೊಯ್ಯೂದು ಹೊಲಿಯೂದು ಬ್ಯಾಡ. ನನ್ನ ಮನ್ಯಾಗ ದೇವರ ಹೆಸರ ಹೇಳ್ಕೋತ ಕುಂದರತೀನಿ. ನೀವ ಹೇಳಿದಾಂಗ."

ಸೊಳ್ಳಿ ಹಾರ್ಯಾಡೂ ಟಿವಿ ನನ್ನ ಬೆನ್ನ ಹಿಂದ ಇತ್ತು. ಒಂದ ಮಾತು, "ವೈನಿ, ಅದು ಐದ ಎಣಿಕಿ ಕಳ್ಳಾಟ" ಅಂದಿದ್ರ ಮುಗೀತಿತ್ತು. ಆದ್ರ ಹಂಗಂದ್ರ ಅಕಿ ಬೆಳಗಾವಿಗಿ ಹೋಗಂಗಿಲ್ಲ. ಹೋಗದಿದ್ರ ಗಂಟ ಸುಮ್ನ ಕುಂದರಂಗಿಲ್ಲ. ನಾ ಕಣ್ಣ ಮುಚ್ಚಿದೆ, ರೂಢಿ ನೋಡ್ರಿ. "ಬರ್ತೀರಿ ವೈನಿ. ಆರಾಮ ಆಗಿ ಬರ್ತೀರಿ" ಅಂದೆ.

ಅಕಿ ಮಾರಿ ಹೆಂಗ ಅರಳಿತು ಅಂತ ಹೇಳಾಕ ನನಗ ಬರಂಗಿಲ್ಲ. ಹೋಳಗಿ ತಾಟ ನನ್ನ ಕೈಯಾಗಿಟ್ಟು ಹೋದ್ಲು. ಒಳಗಿನಿಂದ ನಮ್ಮನಿಯಾಕಿ ಬಂದು, "ಹಂಗ್ಯಾಕ ಹೇಳಿದ್ರಿ?" ಅಂದ್ಲು. "ಮತ್ತೇನ ಹೇಳಬೇಕಿತ್ತು?" ಅಂದೆ. ಹೋಳಗಿ ಇಬ್ರೂ ಮುಟ್ಟಲಿಲ್ಲ.

ಆಪರೇಶನ್ ಛಲೋ ಆತಂತ ಫೋನ್ ಬಂತು. ಐದನೇ ದಿನಕ್ಕ ಭರಮಣ್ಣ ಊರಿಗಿ ಬಂದು ಅಂಗಡಿ ತೆರದ. "ಅಕಿ ತಮ್ಮ ಅದಾನ ಅಲ್ಲಿ. ಹೆಂಗೂ ನೀ ಹೇಳಿದ್ದಿ ಬಿಡು" ಅಂದು ನನ್ನ ಬೆನ್ನ ಚಪ್ಪರಿಸಿದ. ಆರನೇ ದಿನ ಮುಂಜಾನಿ, ಅಂವಾ ಗಿರಾಕಿಗಿ ಸೀರಿ ಬಿಚ್ಚಿ ತೋರಸೂದ್ರಾಗ, ಚಂಪಾ ವೈನಿ ತೀರಿದ್ಲು.

ವೈನಿ ದಿನಕರ್ಮ ಮುಗಿಯೂದ್ರಾಗ ನಮ್ಮನಿಯಾಕಿ ಗುಜರಿಯಾಂವನ್ನ ಕರದು ಆಂಟೆನಾ ಇಳಿಸಿ ಕೊಟ್ಟಬಿಟ್ಲು. ನನ್ನ ಕೇಳಲಿಲ್ಲ. ತಿಂಗಳದಾಗ ನಮ್ಮನಿಗೂ ಡಿಶ್ ಬಂತು. ಚಿತ್ರ ಸ್ವಚ್ಛ. ಹನ್ನೊಂದ ಮಂದಿ ಅಂದ್ರ ಹನ್ನೊಂದ ಮಂದಿ.

ಭರಮಣ್ಣ ನನ್ನ ಕೂಡ ಮಾತ ಬಿಡಲಿಲ್ಲ. ಬಿಟ್ಟಿದ್ರ ಪಾಡ ಇತ್ತು. ಒಂದ ಐತವಾರ ಅಂವಾ ಟಿವಿ ಮುಂದ ಕುಂತಿದ್ದ, ಹಚ್ಚಿರಲಿಲ್ಲ. "ಲೇ ಬಸ್ಯಾ, ನಿನಗ ಗೊತ್ತಿತ್ತು" ಅಂದ.

"ಏನೋ?"

"ಅಕಿ ಬರಂಗಿಲ್ಲಂತ. ಅಕಿ ಹೆದರಬಾರದಂತ ಅಕಿ ಮುಂದ ಸುಳ್ಳ ಹೇಳಿದಿ, ಪುಣ್ಯಾ ಬಂತು ನಿನಗ. ನಗ್ಕೋತ ಹೋದ್ಲು. ಆದ್ರ ನನಗೊಬ್ಬಂಗರ ಖರೆ ಹೇಳಬೇಕಿತ್ತೋ. ನಾ ಅವತ್ತ ಅಂಗಡಿಗಿ ಬರ್ತಿರಲಿಲ್ಲ. ಅಕಿ ಕೈ ಹಿಡಕೊಂಡ ಕುಂದರತಿದ್ದೆ."

ನಾ ಅಲ್ಲೇ ಎಲ್ಲಾ ಒದರಿಬಿಟ್ಟೆ. ಆಂಟೆನಾ, ಐದ ಎಣಿಕಿ, ಕಿಡಕಿ, ಸುಟ್ಟಿಲ್ಲದ ಟಿವಿ, ಬ್ಯಾರೆ ಊರಾವನ ಎಮ್ಮಿ, ಹಿಡಕಲ್ ನೀರು ಸುದ್ದಾ. ಜೀವನದಾಗ ಅಷ್ಟ ಖರೆ ಒಮ್ಮೆಲೆ ನಾ ಯಾವತ್ತೂ ಹೇಳಿದ್ದಿಲ್ಲ. ಭರಮಣ್ಣ ಪೂರಾ ಕೇಳಿ ನನ್ನ ಕೈ ಹಿಡಕೊಂಡ.

"ಸಾಕ ಬಿಡು. ನನ್ನ ಸಮಾಧಾನಕ್ಕ ನಿನ್ನ ವಿದ್ಯಾನ ಸುಳ್ಳ ಅನ್ನಾಕತ್ತಿ. ಒಂದ ಕ್ರಿಕೆಟ್ಟು ಎರಡ ಮನ್ಯಾಗ ಎರಡ ಹೊತ್ತಿಗಿ ಕಾಣತೈತಿ? ಸಣ್ಣ ಕೂಸೂ ನಂಬಂಗಿಲ್ಲಲೇ."

ತೋರಸೂಣು ಅಂದ್ರ ಆಂಟೆನಾ ಯಾವ ಊರ ಗುಜರ್ಯಾಗ ಐತೋ. ನಮ್ಮನ್ಯಾಗಿಂದೂ ಡಿಶ್, ಅವನ ಮನ್ಯಾಗಿಂದೂ ಡಿಶ್. ಎರಡೂ ಮನ್ಯಾಗ ಅಂಪೈರ್ ಒಮ್ಮೆಗೆ ಕೈ ಎತ್ತತಾನ.

ಅಂವಾ ಇದನ್ನ ಅಂಗಡಿಗಿ ಬಂದ ಮಂದಿ ಮುಂದ ಎಲ್ಲಾ ಹೇಳ್ಯಾನ. "ಸಾಯೂದು ಗೊತ್ತಿದ್ದೂ ಅಕಿ ಮುಂದ ಆರಾಮ ಆಗ್ತಿ ಅಂದ, ದೊಡ್ಡ ಮನಸಿನಾಂವ" ಅಂತ ನನ್ನ ಕೀರ್ತಿ ಕಲ್ಲೋಳಿ ದಾಟಿ ಹೋಗೈತಿ. ಆದ್ರ ಈಗ ಜಡ್ಡ ಬಿದ್ದಾವರನ್ನ ಮಾತಾಡಸಾಕ ಹೋಗಿ, ಎಲ್ಲಾರೂ ಅನ್ನೂವಂಗ "ಆರಾಮ ಆಗತೈತಿ ತಗೋರಿ" ಅಂದ್ರ ಸಾಕು, ಅವರ ಮಾರಿ ಬೆಳ್ಳಗ ಆಗತೈತಿ, ಮನಿ ಹೆಣ್ಣಮಕ್ಕಳು ಸೆರಗ ಬಾಯಿಗಿ ಒತ್ತಕೋತಾರ. ಒಬ್ಬ ಮುದಕಂತೂ ಕೈ ಮುಗಿದು, "ಯಪ್ಪಾ, ಬ್ಯಾರೆ ಏನರ ಅನ್ನು" ಅಂದ. ಅದಕ್ಕ ನಾ ಹೋಗೂದ ಬಿಟ್ಟೇನಿ.

ಹೋದ ವಾರ ನಮ್ಮನಿಯಾಕಿಗಿ ಕೆಮ್ಮು ಹತ್ತಿತ್ತು. ರೊಟ್ಟಿ ಬಡಕೋತ ಕೆಮ್ಮಾಕತ್ತಿದ್ಲು. ನಾ ನೀರಿನ ತಂಬಗಿ ಕೊಟ್ಟು, "ಏನ ಆಗಂಗಿಲ್ಲ, ಆರಾಮ ಆಗ್ತಿ" ಅಂದೆ. ಟಿವಿ ಹೊಳ್ಳಿಸಿಟ್ಟಾಕಿ ಅಕಿ, ಆವಾಜ ಬಂದ್ ಮಾಡಿದಾಕಿ ಅಕಿ, ನನ್ನ ವಿದ್ಯಾ ಎಷ್ಟರದು ಅಂತ ಬಲ್ಲಾಕಿ ಜಗತ್ತಿನ್ಯಾಗ ಅಕಿ ಒಬ್ಬಾಕಿನ. ಅಕಿನೂ ಬಡಿಯೂ ಕೈ ನಿಂದರಿಸಿ, ತವದ ಮ್ಯಾಲಿನ ರೊಟ್ಟಿ ಹೊತ್ತೂತನಾ ನನ್ನ ಮಾರೀನ ನೋಡಿದ್ಲು.