ಈಶಾನ್ಯಕ್ಕೆ ಇಳಿದ ಗಟರ್

ನಮ್ಮ ಭಾವ ನಮ್ಮಕ್ಕನನ್ನು ನೋಡಿ ಒಪ್ಪಲು ತೆಗೆದುಕೊಂಡ ಕಾಲ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟು. ಅದೇ ಮಹಾನುಭಾವರು ಮನೆಯ ಮಾಡಿಗೆ ಒಂದು ಗಟರ್ ಒಪ್ಪಲು ತೆಗೆದುಕೊಂಡದ್ದು ಏಳು ತಿಂಗಳು! ಮನೆಗೆ ಯಾರು ಬಂದರೂ ಅಕ್ಕ ಇದನ್ನು ಹೇಳುತ್ತಿದ್ದಳು. "ನಾನೇನು ತಗಡಿಗಿಂತ ಕಡೇನಾ, ಕೇಳಿ ಇವರನ್ನ" ಎನ್ನುತ್ತಿದ್ದಳು. ಭಾವ ನಿಧಾನವಾಗಿ ಕನ್ನಡಕ ಒರೆಸಿಕೊಂಡು, "ನಿನಗೆ ಇಪ್ಪತ್ತು ವರ್ಷದ ವಾರಂಟಿ ಇದೆ ಅಂತ ಯಾರೂ ಹೇಳಿರಲಿಲ್ಲ ಕಣೇ. ಹೇಳಿದವರನ್ನ ಮಾತ್ರ ನಾನು ಪ್ರಶ್ನೆ ಕೇಳೋದು" ಎನ್ನುತ್ತಿದ್ದರು.

ಬೇರೆ ಊರಿನವರಿಗಾಗಿ ಒಂದು ಮಾತು. ಈ ಗಟರ್ ಬೀದಿಯದಲ್ಲ. ಮಾಡಿನ ಅಂಚಿಗೆ ಉದ್ದಕ್ಕೂ ಕೂರಿಸುವ ತಗಡಿನ ದೋಣಿ. ಮಾಡಿನಿಂದ ಇಳಿದ ನೀರನ್ನು ಹಿಡಿದು, ಒಂದು ಮೂಲೆಗೆ ಒಯ್ದು, ಕೊಳವೆಯಲ್ಲಿ ನೆಲಕ್ಕೆ ಬಿಡುವುದಷ್ಟೇ ಅದರ ಕೆಲಸ. ಬೆಚ್ಚಗಿನ ಊರಾದರೆ ಕಥೆ ಅಲ್ಲಿಗೇ ಮುಗಿಯುತ್ತದೆ. ಆದರೆ ಭಾವನ ಮನೆ ಇದ್ದದ್ದು ಮಿಷಿಗನ್ನಿನ ಕ್ಯಾಂಟನ್‌ನಲ್ಲಿ. ಅಲ್ಲಿ ಮಾಡಿನ ಮೇಲಿನ ಹಿಮ ಮನೆಯೊಳಗಿನ ಹೀಟರಿನ ಶಾಖಕ್ಕೆ ಕರಗಿ, ಅಂಚಿಗೆ ಬರುವಷ್ಟರಲ್ಲಿ ಮತ್ತೆ ಹೆಪ್ಪುಗಟ್ಟಿ, ದೋಣಿಯಲ್ಲಿ ಕಲ್ಲಾಗಿ ಕೂರುತ್ತದೆ. ಮನೆಯ ಜೊತೆ ಬಂದಿದ್ದ ಹಳೆಯ ಗಟರ್ ಹೀಗೆಯೇ ಒಂದು ಫೆಬ್ರವರಿಯಲ್ಲಿ ಐಸಿನ ಭಾರಕ್ಕೆ ಕಿತ್ತು ಬಂದು ಭಾವನ ಕಾರಿನ ಮೇಲೆ ಸಾಷ್ಟಾಂಗ ಬಿತ್ತು. ಏಳು ತಿಂಗಳ ಸಂಶೋಧನೆ ಆ ದಿನ ಶುರುವಾಯಿತು.

ನಾನು ಇದ್ದದ್ದು ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ. ತಿಂಗಳಿಗೊಮ್ಮೆ ಐದು ಗಂಟೆ ಡ್ರೈವ್ ಮಾಡಿಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದೆ, ಬಂದು ದಿನಚರಿ ಬರೆಯುತ್ತಿದ್ದೆ. ಬರೆದದ್ದಕ್ಕೂ ನೆನಪಿರುವುದಕ್ಕೂ ಈಗ ಪಕ್ಕಪಕ್ಕ ಕೂರಿಸಿ ನೋಡಿದರೆ ಜಗಳ. ಆದ್ದರಿಂದ ಮುಂದೆ ನಗು ಬರುವ ಭಾಗಗಳನ್ನು ಪೂರ್ತಿ ನಂಬಬೇಡಿ. ಉಳಿದ ಭಾಗವನ್ನು ನಂಬದಿರಲು ನಾನೇ ಬಹಳ ಪ್ರಯತ್ನಪಟ್ಟು ಸೋತಿದ್ದೇನೆ.

ಭಾವನ ಉದ್ಯೋಗವೇ ನೀರಿನ ಜೊತೆ ಹೋರಾಡುವುದು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷ ಇಂಜಿನಿಯರ್. ಕಾರಿನ ಬಾಗಿಲ ಸಂದಿಗೆ ಹಾಕುವ ರಬ್ಬರ್ ಪಟ್ಟಿಯನ್ನು ದಾಟಿ ಒಂದು ಹನಿಯೂ ನುಸುಳದಂತೆ ಪರೀಕ್ಷೆ ಮಾಡುವುದು ಅವರ ಕೆಲಸ. ಅಂಥವರು ಅಂಗಡಿಯಿಂದ ಸುಮ್ಮನೆ ಗಟರ್ ತರುತ್ತಾರೆಯೇ? ಪ್ಲಾಸ್ಟಿಕ್, ಅಲ್ಯುಮಿನಿಯಂ, ಸ್ಟೀಲ್ ಎಂದು ಎಲ್ಲದರ ಅರ್ಧರ್ಧ ಅಡಿ ತುಂಡು ತಂದು, ಎರಡೂ ಬದಿ ಮುಚ್ಚಿ, ನೀರು ತುಂಬಿ, ಗರಾಜಿನ ದೊಡ್ಡ ಫ್ರೀಜರಿನಲ್ಲಿ ಇಟ್ಟರು. ಅಕ್ಕನ ತುರಿದ ತೆಂಗಿನಕಾಯಿ, ಹಿತಕಿದ ಅವರೆಬೇಳೆ ಎಲ್ಲ ಹೊರಗೆ ಬಂದವು. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುನ್ನ ಸುತ್ತಿಗೆಯಿಂದ ಒಂದೊಂದನ್ನೂ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು, ಕಲ್ಲಂಗಡಿ ಕೊಳ್ಳುವವರ ಹಾಗೆ.

ಆ ಬೇಸಿಗೆಯಲ್ಲಿ ಅವರ ಮನೆಯಲ್ಲಿ ಕನ್ನಡದವರ ಪಾಟ್‌ಲಕ್, ಅಂದರೆ ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ, ಇತ್ತು. ಐಸ್ ಮುಗಿಯಿತು. ಯಾರೋ ಆಂಟಿ ಗರಾಜಿಗೆ ಹೋಗಿ, ದಪ್ಪನೆಯ ಐಸ್ ಗಟ್ಟಿಯೊಂದನ್ನು ಕಂಡು ಸಂತೋಷಪಟ್ಟು, ಕುಟ್ಟಿ ಪಾನಕಕ್ಕೆ ಹಾಕಿದರು. ಎಲ್ಲರೂ ಕುಡಿದು ಭೇಷ್ ಎಂದ ಮೇಲೆ ವಿಷಯ ಹೊರಬಿತ್ತು. ಅಕ್ಕ ಹಣೆಗೆ ಕೈ ಇಟ್ಟುಕೊಂಡಳು. ಭಾವ ಮಾತ್ರ ಲೋಟ ಹಿಡಿದು ನಿಂತವರ ಮಧ್ಯೆ ಗಾಬರಿಯಿಂದ ಓಡಾಡಿದರು. "ಯಾವುದು ತೆಗೆದ್ರಿ ಆಂಟಿ? ಅಲ್ಯುಮಿನಿಯಂದಾ, ಸ್ಟೀಲಿಂದಾ? ಇವತ್ತು ನಲವತ್ತನೇ ದಿನ ರೀಡಿಂಗ್ ಇತ್ತು!"

ಕೊನೆಗೆ ಗೆದ್ದದ್ದು ಜಾಯಿಂಟ್ ಇಲ್ಲದ ಅಲ್ಯುಮಿನಿಯಂ. ಅದನ್ನು ಲಾರಿಯಲ್ಲೇ ಯಂತ್ರ ಇಟ್ಟುಕೊಂಡು ಬಂದು, ಮನೆಯ ಮುಂದೆಯೇ ಬೇಕಾದ ಉದ್ದಕ್ಕೆ ತೆಗೆದುಕೊಡುತ್ತಾರೆ. ಅಳತೆಗೆ ಬಂದವನು ಬಿಳಿ ಮೀಸೆಯ ಅಮೆರಿಕನ್. ಭಾವ ಎರಡು ಹಾಳೆ ತುಂಬ ಪ್ರಶ್ನೆ ಬರೆದಿಟ್ಟುಕೊಂಡಿದ್ದರು. ಈ ಸ್ಕ್ರೂ ಎಷ್ಟು ಭಾರ ತಡೆಯುತ್ತೆ? ಯಾರು ಟೆಸ್ಟ್ ಮಾಡಿದ್ದು? ಎಷ್ಟು ಡಿಗ್ರಿ ಚಳಿಯಲ್ಲಿ? ಅವನು ತಾಳ್ಮೆಗೆಟ್ಟು, "ಸರ್, ಇದು ಗಟರ್. ವಿಮಾನ ಅಲ್ಲ" ಎಂದ. "ವಿಮಾನ ಆಗಿದ್ರೆ ಇಷ್ಟು ಕೇಳ್ತಿರಲಿಲ್ಲ. ಅದು ನನ್ನ ತಲೆ ಮೇಲೆ ಇಪ್ಪತ್ತು ವರ್ಷ ಕೂರಲ್ಲ" ಎಂದರು ಭಾವ.

ನಾನೂ ಅಕ್ಕನೂ ಅಡುಗೆಮನೆಯಲ್ಲಿ ಬಾಯಿಗೆ ಸೆರಗು, ದುಪಟ್ಟ ಒತ್ತಿಕೊಂಡು ನಗುತ್ತಿದ್ದೆವು. ಚಹಾ ಕೊಡುವಾಗ ಭಾವ ಅವನನ್ನು, ಈ ಕೆಲಸ ಎಲ್ಲಿ ಕಲಿತೆ ಎಂದು ಕೇಳಿದರು. ಕಲಿತು ಆರು ತಿಂಗಳಾಯಿತು ಎಂದ. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಕಾರ್ ಫ್ಯಾಕ್ಟರಿಯಲ್ಲಿ ಇದ್ದನಂತೆ. ಒಂದು ಶುಕ್ರವಾರ ಮಧ್ಯಾಹ್ನ ಕರೆದು, ಇನ್ನು ಕೆಲಸವಿಲ್ಲ, ನಿನ್ನ ಸಾಮಾನು ತುಂಬಿಕೋ ಎಂದು ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟರಂತೆ.

"ಯಾಕೆ ಶುಕ್ರವಾರ?" ಎಂದರು ಭಾವ.

"ಹೆಂಡತಿಗೆ ಹೇಳೋಕೆ ಎರಡು ದಿನ ಸಿಗಲಿ ಅಂತ ಇರಬೇಕು" ಎಂದು ಅವನು ನಕ್ಕ.

ಹಾಳೆಯಲ್ಲಿ ಇನ್ನೂ ಒಂಬತ್ತು ಪ್ರಶ್ನೆ ಉಳಿದಿದ್ದವು. ಭಾವ ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಅವನು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಗಟರ್ ಮಾಡಿಕೊಡುವುದು ಅವನು, ಕೂರಿಸುವುದು ಮಾತ್ರ ತಾವೇ ಎಂದರು. ಹೊರಡುವಾಗ ಅವನು ಒಂದು ಸಲಹೆ ಕೊಟ್ಟ: ನೀರಿಳಿಯುವ ಕೊಳವೆ ಪಶ್ಚಿಮದ ತುದಿಗೆ ಇರಲಿ, ಅಲ್ಲಿ ಹುಲ್ಲು ಇಳಿಜಾರಾಗಿದೆ, ನೀರು ತಾನಾಗಿ ರಸ್ತೆಗೆ ಹೋಗುತ್ತದೆ.

ಕೂರಿಸುವ ದಿನ ನನಗೆ ಬುಲಾವ್. "ಏಣಿ ಹಿಡಿಯೋಕೆ ಫಿಸಿಕ್ಸ್ ಎಂಎಸ್ಸಿ ಮಾಡಿದವರೇ ಬೇಕಮ್ಮ ನಾದಿನಿ, ಸುಮ್ಮನೆ ಯಾರನ್ನೋ ನಿಲ್ಲಿಸಕ್ಕಾಗಲ್ಲ!" ಗರಾಜಿನಲ್ಲಿ ಮೊದಲು ಮೀಟಿಂಗ್. ಹಾಜರಿದ್ದವರು ನಾನು, ಅಕ್ಕ, ಹದಿಮೂರು ವರ್ಷದ ಅವರ ಮಗಳು. ಭಾವ ತಲೆಗೆ ಹೆಲ್ಮೆಟ್ ಹಾಕಿಕೊಂಡು, ಕೊರಳಲ್ಲಿ ಆಫೀಸಿನ ಬ್ಯಾಡ್ಜ್ ನೇತಾಡಿಸಿಕೊಂಡು, ಬಿಳಿ ಹಲಗೆಯ ಮೇಲೆ ಅಪಾಯಗಳ ಪಟ್ಟಿ ಬರೆದರು. "ಡ್ಯಾಡ್, ಇಟ್ಸ್ ಫಾರ್ಟಿ ಡಿಗ್ರೀಸ್. ಇದನ್ನ ಈಮೇಲ್ ಮಾಡಬಹುದಿತ್ತಲ್ಲ?" ಎಂದು ಮಗಳು ಚಳಿಗೆ ಕೈ ಉಜ್ಜಿಕೊಳ್ಳುತ್ತ ಎದ್ದು ಹೋದಳು. ಭಾವ ಪಟ್ಟಿಯ ಕೊನೆಗೆ "ಸಿಬ್ಬಂದಿ ಕೊರತೆ" ಎಂದು ಸೇರಿಸಿದರು.

ಗಟರನ್ನು ನೆಟ್ಟಗೆ ಕೂರಿಸಬಾರದು, ನೀರು ಹರಿಯಲು ಹತ್ತು ಅಡಿಗೆ ಕಾಲು ಇಂಚು ವಾಟ ಕೊಡಬೇಕು. ಭಾವ ದಾರ ಎಳೆದು ಗುರುತು ಹಾಕಿದರು. ಕೆಳಗೆ ನಿಂತ ನನಗೆ ಏನೋ ಸರಿಯಿಲ್ಲ ಎನಿಸಿತು. ವಾಟ ಪಶ್ಚಿಮಕ್ಕಲ್ಲ, ಪೂರ್ವಕ್ಕೆ ಇತ್ತು! ಮನೆ ಉತ್ತರಕ್ಕೆ ಮುಖ ಮಾಡಿದ್ದು. ಪೂರ್ವದ ತುದಿ ಎಂದರೆ ಮುಂಬಾಗಿಲು, ಮೆಟ್ಟಿಲು, ಡ್ರೈವ್‌ವೇಯಿಂದ ಬಾಗಿಲಿಗೆ ಬರುವ ಸಿಮೆಂಟಿನ ಹಾದಿ. ಚಳಿಗಾಲವಿಡೀ ಅಲ್ಲಿಗೆ ಒಂದು ಎಳೆ ಬಿಸಿಲು ಬೀಳುವುದಿಲ್ಲ. ಕೇಳಿದೆ. ಗಾಳಿಯ ದಿಕ್ಕು, ಮಣ್ಣಿನ ಗುಣ ಎಂದು ಭಾವ ಏನೇನೋ ಹೇಳಿದರು. ಯಾವುದೂ ಅವರ ಎಂದಿನ ದನಿಯಲ್ಲಿರಲಿಲ್ಲ.

"ಟೂಲ್ ಬಾಕ್ಸಿಂದ ಪೆನ್ಸಿಲ್ ಕೊಡು" ಎಂದರು. ಪೆನ್ಸಿಲ್ ಹುಡುಕುವಾಗ ಕೈಗೆ ಒಂದು ಪ್ರಿಂಟೌಟ್ ಸಿಕ್ಕಿತು. ಮನೆಯ ನೀರು ಈಶಾನ್ಯಕ್ಕೆ ಹರಿದರೆ ಯಜಮಾನನ ಉದ್ಯೋಗ ಸ್ಥಿರ ಎಂದಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ.

ಈ ಮನುಷ್ಯ ಎಂಥವರು ಎಂದು ನಿಮಗೆ ತಿಳಿಯಬೇಕು. ಮನೆ ಕೊಳ್ಳುವಾಗ ಹಿತೈಷಿಗಳೊಬ್ಬರು ದಿಕ್ಸೂಚಿ ಹಿಡಿದು ಬಂದು, ಅಡುಗೆಮನೆ ತಪ್ಪು ಕಡೆ ಇದೆ ಎಂದಾಗ, "ತಿರುಗಿಕೊಂಡು ನಿಂತ್ಕೊಳ್ಳಿ ಅಂಕಲ್, ಸರಿಹೋಗತ್ತೆ" ಎಂದವರು. ಅದಕ್ಕೆ ಅವರಿಗಿಂತ ಜೋರಾಗಿ ನಕ್ಕವಳು ಅಕ್ಕ. ವಾಸ್ತು, ಜಾತಕ ಎಂದರೆ ಗಂಡಹೆಂಡತಿ ಇಬ್ಬರಿಗೂ ಅದು ಪುಕ್ಕಟೆ ಮನರಂಜನೆ.

"ಏನ್ ಭಾವ ಇದು, ನೀವೂನಾ?" ಎಂದು ನಗುತ್ತಲೇ ತಲೆಯೆತ್ತಿದೆ.

ಏಣಿಯ ಮೇಲಿನಿಂದ ಅವರು ನಗಲಿಲ್ಲ. "ಅಕ್ಕನಿಗೆ ಹೇಳಬೇಡ ಕಣೇ. ಹೋದ ಶುಕ್ರವಾರ ನನ್ನ ಪಕ್ಕದ ಕ್ಯೂಬಿಕಲ್‌ನವನು ಪೆಟ್ಟಿಗೆ ಹಿಡ್ಕೊಂಡು ಹೋದ. ಅದರ ಹಿಂದಿನ ವಾರ ಎದುರಿನವಳು. ನೀರು ಎಲ್ಲಿಗಾದ್ರೂ ಹರೀಲೇಬೇಕು ತಾನೆ? ಅಲ್ಲಿಗೇ ಹರೀಲಿ ಬಿಡು."

ಆಗ ನಾನೇನು ಹೇಳಿದೆ? ಆ ಮೂಲೆ ಹೆಪ್ಪುಗಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಎಂಎಸ್ಸಿ ಬೇಕಿರಲಿಲ್ಲ. ಒಮ್ಮೆ ಎಚ್ಚರಿಸಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಮೊನ್ನೆ ದಿನಚರಿ ತೆಗೆದು ನೋಡಿದರೆ, "ಏಣಿ ಹಿಡಿದೆ. ಕೈ ಮರಗಟ್ಟಿತು. ಬಿಸಿಬೇಳೆಬಾತ್ ಚೆನ್ನಾಗಿತ್ತು" ಎಂದಷ್ಟೇ ಇದೆ. ಎಚ್ಚರಿಸಿದ್ದರೆ ನಾನು ಬರೆಯದೆ ಇರುವವಳಲ್ಲ. ಅವರ ಮುಖ ನೋಡಿದೆ. ಪೆನ್ಸಿಲ್ ಕೊಟ್ಟೆ.

ಗಟರ್ ಅದ್ಭುತವಾಗಿ ಕೂತಿತ್ತು, ಅದನ್ನು ಹೇಳಲೇಬೇಕು. ಒಂದು ಹನಿ ಸೋರಲಿಲ್ಲ. ಮಾಡಿನ ನೀರೆಲ್ಲ ಚಾಚೂತಪ್ಪದೆ ಈಶಾನ್ಯಕ್ಕೆ ಬಂದು, ಮೆಟ್ಟಿಲ ಮುಂದಿನ ಹಾದಿಯ ಮೇಲೆ ಹರಡಿ, ಗಾಜಿನ ಹಾಗೆ ತೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ದಿನಾ ಬೆಳಿಗ್ಗೆ ಭಾವ ಐಸ್ ಕರಗಲೆಂದು ಉಪ್ಪು ಎರಚಿ ಹೋಗುತ್ತಿದ್ದರು.

ಜನವರಿಯ ಒಂದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಡ್ರೈವ್‌ವೇಯಲ್ಲಿ ಭಾವನ ಕಾರು ಬಂದು ನಿಂತಿತು. ಅಷ್ಟು ಬೇಗ ಅವರು ಹತ್ತೊಂಬತ್ತು ವರ್ಷದಲ್ಲಿ ಬಂದವರಲ್ಲ. ಬೆಳಿಗ್ಗೆ ಹಾಕಿದ್ದ ಉಪ್ಪು ಮಧ್ಯಾಹ್ನದ ನೀರಿಗೆ ತೊಳೆದುಹೋಗಿತ್ತು. ಅಕ್ಕ ಮನೆಯ ಚಪ್ಪಲಿಯಲ್ಲೇ ಬಾಗಿಲು ತೆಗೆದು ಹೊರಗೆ ಬಂದಳು, ಬಿದ್ದಳು, ಬಲಗಾಲಿನ ಗಿಣ್ಣು ಮುರಿಯಿತು. ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಮಾರನೆಯ ದಿನವೇ ಹೋದೆ. ಭಾವ ಬಾಗಿಲಲ್ಲೇ, "ನನ್ನ ಗಟರ್ ಬೀಳಿಸ್ತು ನಿಮ್ಮಕ್ಕನ್ನ. ಪೆಟ್ಟಿಗೆ ಗಿಟ್ಟಿಗೆ ಅವಳು ನೋಡೇ ಇರಲಿಲ್ಲ. ಕಾಲಿಟ್ಟಳು, ಜಾರಿದಳು" ಎಂದರು. ಅಕ್ಕ ಹಾಸಿಗೆಯಲ್ಲಿ, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಬೇರೆ ಹೇಳಿದಳು. "ಐಸ್ ಏನ್ ಮಾಡತ್ತೆ ಪಾಪ. ದಿನಾ ಅಲ್ಲೇ ಓಡಾಡ್ತಿರಲಿಲ್ವಾ? ಅವರ ಕೈಲಿ ಪೆಟ್ಟಿಗೆ ಕಾಣಿಸ್ತು ಕಣೇ. ಮುಖ ನೋಡಿದೆ. ನೆಲ ನೋಡಲಿಲ್ಲ, ಓಡಿಬಿಟ್ಟೆ."

ಯಾರದ್ದು ನಿಜ? ಒಬ್ಬರ ತಪ್ಪನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದ ಆ ಮನೆಯಲ್ಲಿ ನನ್ನದೊಂದು ಯಾರೂ ಕೇಳದೆ ಉಳಿದಿತ್ತು. ಹೊರಗೆ ಭಾವ ಸಲಿಕೆಯಿಂದ ಐಸ್ ಕೆತ್ತುತ್ತಿದ್ದ ಸದ್ದು ಬರುತ್ತಿತ್ತು. ತಡೆಯಲಾರದೆ ಅಕ್ಕನಿಗೆ ಎಲ್ಲ ಹೇಳಿದೆ. ಪ್ರಿಂಟೌಟ್, ಕೆಂಪು ಗೆರೆ, ಏಣಿ ಹಿಡಿದು ಸುಮ್ಮನಿದ್ದ ನಾನು. ಅವಳು ನಗಬಹುದು ಅಥವಾ ಬೈಯಬಹುದು ಎಂದುಕೊಂಡಿದ್ದೆ. ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಆ ಸದ್ದು ಕೇಳಿದಳು. "ಅಷ್ಟು ಹೆದರಿದ್ರಾ? ನನಗೆ ಒಂದು ಮಾತು ಹೇಳಲಿಲ್ವಲ್ಲೇ" ಎಂದಳು.

ಭಾವ ಕೋಟಿನ ಮೇಲೆ ಐಸಿನ ಚೂರು ಹೊತ್ತುಕೊಂಡೇ ಒಳಗೆ ಬಂದರು. "ಊಟ ಆದ್ಮೇಲೆ ಆ ಪೈಪ್ ಕಿತ್ತು ಹಾಕ್ತೀನಿ. ಪೂರ್ತಿ ವೆಸ್ಟ್‌ಗೆ ತಿರುಗಿಸ್ತೀನಿ. ಇವಳು ಹೇಗೂ ಇದಾಳೆ, ಏಣಿ ಹಿಡೀತಾಳೆ."

"ಬೇಡ" ಎಂದಳು ಅಕ್ಕ.

"ಬೇಡ ಅಂದ್ರೆ?"

"ಈಶಾನ್ಯಕ್ಕೆ ನೀರು ಹರಿದ್ರೆ ಒಳ್ಳೆ ಕೆಲಸ ಸಿಗತ್ತಂತೆ. ದೇವಸ್ಥಾನದಲ್ಲಿ ಯಾರೋ ಹೇಳ್ತಿದ್ರು. ಈಗ ತಾನೆ ಹುಡುಕೋಕೆ ಶುರುಮಾಡಬೇಕು ನೀವು, ಈಗ ಅದನ್ನ ಮುಟ್ಟಬೇಡಿ. ನಾವು ಗರಾಜಿಂದ ಓಡಾಡೋಣ. ನಗಬೇಡಿ, ನನಗೆ ನಂಬಿಕೆ ಇದೆ."

ಭಾವ ನಗಲಿಲ್ಲ. ಒಮ್ಮೆ ನನ್ನನ್ನು ನೋಡಿದರು. ನಾನು ಹಾಸಿಗೆಯ ಹೊದಿಕೆ ಸರಿಪಡಿಸಿದೆ. ನಾನು ಹೇಳಿಬಿಟ್ಟದ್ದು ಅವರಿಗೆ ತಿಳಿಯಿತೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

"ನಿನಗೆ ಯಾವಾಗಿಂದ ಇದೆಲ್ಲ?" ಎಂದರು.

"ನಿನ್ನೆ ಮಧ್ಯಾಹ್ನದಿಂದ."

ಅವರು ಮಂಚದ ತುದಿಯಲ್ಲಿ ಕೂತರು. ಪ್ಲಾಸ್ಟರಿನ ಆಚೆ ಹೊರಗಿದ್ದ ಅವಳ ಬೆರಳುಗಳು ತಣ್ಣಗಿವೆಯೇ ಎಂದು ಮುಟ್ಟಿ ನೋಡಿ, ಅಲ್ಲೇ ಕೈ ಇರಿಸಿಕೊಂಡರು. "ಸರಿ. ನಿನ್ನ ಸಮಾಧಾನಕ್ಕೆ ಇರಲಿ" ಎಂದರು. ಆಮೇಲೆ, "ಬೆಳಿಗ್ಗೆ ಎರಡು ಕಡೆ ಅಪ್ಲೈ ಮಾಡಿದೀನಿ" ಎಂದರು. ಶುಕ್ರವಾರದಿಂದ ಕೆಲಸದ ವಿಷಯ ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

ಕೆಲಸ ಸಿಗಲು ಇನ್ನೂ ಎರಡು ಚಳಿಗಾಲ ಬೇಕಾಯಿತು. ಅದು ನನಗೆ ಆ ದಿನ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ಊಟ ಮುಗಿಸಿ ಭಾವ ಸಲಿಕೆ ತೆಗೆದುಕೊಂಡು ಮತ್ತೆ ಹೊರಗೆ ಹೋದರು. ಯಾರೂ ಓಡಾಡದ ಆ ಮುಂಬಾಗಿಲ ಹಾದಿಯ ಐಸನ್ನು ಕತ್ತಲಾಗುವವರೆಗೂ ಕೆತ್ತಿದರು. ಕಿಟಕಿಯಿಂದ ನೋಡಿದೆ. ಸಿಮೆಂಟು ಕಾಣುವವರೆಗೆ ಕೆತ್ತಿದ್ದರು, ಇಬ್ಬರು ಕೈ ಹಿಡಿದುಕೊಂಡು ನಡೆಯುವಷ್ಟು ಅಗಲಕ್ಕೆ.