ಒಂದು ಹಂದಿ ಸಾಲುವಷ್ಟು ಸಭೆ

ಹನ್ನೆರಡು ಮನೆಯ ಚರ್ಚಿಗೆ ಸೇರಿದವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಭಾನುವಾರ ಬಂದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ.

ನಮ್ಮ ಚರ್ಚು ಇರುವುದು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ. ಬಸ್ಸಿನಲ್ಲಿ ಕೂತವರು ಒಮ್ಮೆ ಆಕಳಿಸಿದರೆ ಕಾಣದೇ ಹೋಗುವಷ್ಟು ಚಿಕ್ಕದು. ಅದರ ಪಕ್ಕದ ಕೋಣೆಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ಚರ್ಚಿನ ಬೀಗದ ಕೈ ನನ್ನ ಹತ್ತಿರ, ಗಂಟೆ ಹೊಡೆಯುವುದು ನಾನು, ಹಾಡು ಎತ್ತಿಕೊಡುವುದೂ ನಾನೇ. ನಮ್ಮ ಕಡೆ ಒಬ್ಬೊಬ್ಬರ ಕೈಗೆ ಮೊಬೈಲ್ ಬರಲು ಶುರುವಾದ ಕಾಲದಲ್ಲಿ ಪೇಟೆಯ ದೊಡ್ಡ ಫಾದರ್ ಒಂದು ಮಾತು ಹೇಳಿ ಕಳಿಸಿದರು. ನಲವತ್ತು ಮನೆಯಾದರೂ ಇಲ್ಲದಿದ್ದರೆ ಅದು ಚರ್ಚೇ ಅಲ್ಲವಂತೆ. ಒಂದು ವರ್ಷದೊಳಗೆ ಬೆಳೆಯಬೇಕಂತೆ, ಇಲ್ಲವಾದರೆ ಬಾಗಿಲು ಹಾಕಿ ಪೇಟೆಯ ಚರ್ಚಿಗೆ ಸೇರಿಕೊಳ್ಳಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಜ್ಜ ಕಲ್ಲು ಹೊತ್ತು ಕಟ್ಟಿದ ಗೋಡೆ ಅದು. ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಯಾರು ಬಂದು ಕೇಳುತ್ತಾರೋ ಕೇಳಲಿ ಎಂದು ಕೂತೆ.

ಸಾಲ ಸಿಕ್ಕ ಜನ

ವಾರಕ್ಕೊಮ್ಮೆ ಬೈಕಿನಲ್ಲಿ ಬಂದು ಪೂಜೆ ಮಾಡುತ್ತಿದ್ದವರು ಚಿಕ್ಕ ಫಾದರ್. ಒಳ್ಳೆಯವರು, ಆದರೆ ಮೇಲಿನವರು ಹೇಳಿದ್ದನ್ನು ಒಪ್ಪಿಸಲೇಬೇಕಲ್ಲ. ಪೂಜೆಯ ನಡುವೆ ಉಪದೇಶ ಹೇಳುವ ಪ್ರಸಂಗದಲ್ಲಿ ‘ಬೆಳೆಯಬೇಕು’ ಎಂದಾಗಲೆಲ್ಲ ಅವರ ಕಣ್ಣು ತಮಗೇ ಗೊತ್ತಿಲ್ಲದೆ ಹೊಸದಾಗಿ ಮದುವೆಯಾದ ಜೋಡಿಯ ಕಡೆಗೆ ಹೋಗುತ್ತಿತ್ತು. ಮೂರನೆಯ ವಾರದಿಂದ ಆ ಜೋಡಿ ಕಂಬದ ಹಿಂದೆ ಕೂರಲು ಶುರು ಮಾಡಿತು.

ಈ ನಲವತ್ತರ ಸುದ್ದಿ ಪಕ್ಕದ ಗೌಡರ ಮನೆಗೂ ಮುಟ್ಟಿತು. ರವಿಕೆಯ ಅಳತೆ ಕೊಡಲು ಬಂದ ಗೌಡ್ತಿ ಬಹಳ ಹೊತ್ತು ಯೋಚಿಸಿದರು. ಅವರಿಗೆ ಅವರ ದೇವರಿದ್ದಾರೆ, ನಮಗೆ ನಮ್ಮ ದೇವರು. ಆ ವಿಷಯದಲ್ಲಿ ಎರಡು ಮನೆಗೂ ಎಂದೂ ತಕರಾರಿಲ್ಲ.

“ಅದಕ್ಕೆಂತ ಚಿಂತೆ ಮಾರಾಯ್ತಿ? ಆ ಫಾದರ್ ಎಣಿಸೋಕೆ ಬರೋ ದಿನ ಹೇಳು. ನಮ್ಮನೆಯವರು, ತೋಟದ ಆಳುಗಳು ಎಲ್ಲ ಬಂದು ಕೂತ್ಕೊಳ್ತೀವಿ. ಎಣಿಸಿ ಆದ್ಮೇಲೆ ವಾಪಸ್ ಕಳಿಸ್ಬಿಡು, ಕೊಟ್ಟಿಗೆ ಕೆಲಸ ಇರ್ತದೆ,” ಎಂದರು.

ಬೇಡ ಎಂದೆ. ಬೇಕಾದರೆ ಪಾತ್ರೆ ಸಾಲ ತಂದೇವು, ಜನರನ್ನು ತರುವುದಿಲ್ಲ. ಗೌಡ್ತಿಗೆ ಸ್ವಲ್ಪ ಬೇಜಾರೇ ಆಯಿತು, ಏಕೆಂದರೆ ಅವತ್ತು ಉಡಲು ಸೀರೆಯನ್ನೂ ಆರಿಸಿಟ್ಟಿದ್ದರಂತೆ.

ಮೀನಿನ ಜ್ವರ

ಚಿಕ್ಕ ಸಭೆಯ ಒಂದು ಕಷ್ಟವೆಂದರೆ ಅಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಒಬ್ಬ ಬರದಿದ್ದರೆ ಬೆಂಚಿನಲ್ಲಿ ಅವನ ಜಾಗ ಬಿದ್ದ ಹಲ್ಲಿನ ಹಾಗೆ ಕಾಣುತ್ತದೆ. ಒಂದು ಭಾನುವಾರ ನಮ್ಮ ಬಡಗಿ ಬರಲಿಲ್ಲ. ಹೆಂಡತಿಯನ್ನು ಕೇಳಿದರೆ ತಲೆ ತಗ್ಗಿಸಿ ಜ್ವರ ಎಂದಳು. ಚಿಕ್ಕ ಫಾದರ್ ಅವನ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು. ನಾವೂ ಮನಸ್ಸಿಟ್ಟು ಮಾಡಿದೆವು. ಪೂಜೆ ಮುಗಿದ ಮೇಲೆ ಅಮೃತಬಳ್ಳಿ ಕಷಾಯ ಕಾಯಿಸಿಕೊಂಡು ಇಡೀ ಸಭೆ ಅವನ ಮನೆಗೆ ಹೊರಟಿತು.

ಅಂಗಳದಲ್ಲಿ ಕಾಯುತ್ತಾ ನಿಂತಿದ್ದೆವು. ಒಳಗೆ ಮಲಗಿರಬೇಕಾದವನು ಹೊಳೆಯ ಕಡೆಯಿಂದ ಶಿಳ್ಳೆ ಹಾಕಿಕೊಂಡು ಬಂದ. ಒಂದು ಕೈಯಲ್ಲಿ ಗಾಳ, ಇನ್ನೊಂದರಲ್ಲಿ ಮೀನಿನ ಬುಟ್ಟಿ. ನಾನು ಕಷಾಯದ ಲೋಟ ಮುಂದೆ ಹಿಡಿದೆ. ಅವನು ಎಲ್ಲರ ಮುಖ ನೋಡಿ, ಕಣ್ಣು ಮುಚ್ಚಿ, ಪೂರ್ತಿ ಕುಡಿದ. ಜ್ವರದವರಿಗೆ ಮೀನು ಒಗ್ಗುವುದಿಲ್ಲವೆಂದು ಬುಟ್ಟಿಯನ್ನು ನಾವು ಹಂಚಿಕೊಂಡೆವು.

ನಡೆದು ಹೋದ ಹಂದಿ

ನಾವು ಬೆಳೆಯುವ ಲಕ್ಷಣ ಕಾಣದೆ ದೊಡ್ಡ ಫಾದರ್, ಒಂದು ತಿಂಗಳು ಪೇಟೆಯ ಚರ್ಚಿಗೆ ಬಂದು ನೋಡಿ, ನಿಮಗೇ ಇಷ್ಟವಾಗುತ್ತದೆ ಎಂದರು. ಒಂದು ಜೀಪಿಗೆ ಹಿಡಿಯುವಷ್ಟು ಜನ ಹೋದೆವು. ದೊಡ್ಡ ಚರ್ಚು, ಫ್ಯಾನು, ಮೈಕು, ನೂರಾರು ಜನ. ಯಾರು ಬಂದರು, ಯಾರು ಬಿಟ್ಟರು ಎಂದು ಕೇಳುವವರಿಲ್ಲ. ಬಡಗಿಗೆ ಮಾತ್ರ ಬಹಳ ಇಷ್ಟವಾಯಿತು.

ನಮ್ಮ ಸಭೆಗೆಲ್ಲ ಹಿರಿಯರಾದ ಅಜ್ಜಿಯೊಬ್ಬರು ನಮ್ಮ ಜೊತೆ ಬಂದಿದ್ದರು. ನಮ್ಮಲ್ಲಿ ಒಂದು ರೂಢಿ ಇದೆ. ಪ್ರಸಂಗ ಉದ್ದವಾಯಿತು ಅನಿಸಿದರೆ ಅಜ್ಜಿ ಊರುಗೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತಾರೆ. ಫಾದರ್ ನಿಲ್ಲಿಸುತ್ತಾರೆ, ನಾವೆಲ್ಲ ಎದ್ದು ಮುಂದಿನ ಪ್ರಾರ್ಥನೆ ಶುರು ಮಾಡುತ್ತೇವೆ. ಪೇಟೆಯಲ್ಲೂ ಕುಟ್ಟಿದರು. ಮೈಕಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಮತ್ತೆ ಕುಟ್ಟಿದರು. ಕೊನೆಗೆ ಪಕ್ಕದವರೊಬ್ಬರು, ಅಜ್ಜಿಗೆ ಕಾಲು ನೋವಿರಬೇಕೆಂದು ಕುರ್ಚಿ ತಂದುಕೊಟ್ಟರು.

ಅದೇ ತಿಂಗಳು ಅಲ್ಲಿ ಚರ್ಚಿನ ಹಬ್ಬ. ನಮ್ಮವರಿಗೆ ಹಬ್ಬವೆಂದರೆ ಹಂದಿ ಮಾಂಸ, ಜೊತೆಗೆ ‘ಸಣ್ಣ’ ಎಂದು ನಾವು ಕರೆಯುವ ಮೆತ್ತನೆಯ ಇಡ್ಲಿ. ಸಾಲಿನಲ್ಲಿ ನಿಂತು ನಿಂತು ನಮ್ಮ ಸರದಿ ಬರುವಷ್ಟರಲ್ಲಿ ಪಾತ್ರೆಯ ತಳದಲ್ಲಿ ಬರೀ ರಸ ಉಳಿದಿತ್ತು. ಅಜ್ಜಿ ತಟ್ಟೆಯನ್ನು ಓರೆ ಮಾಡಿ ನೋಡಿದರು.

“ಹಂದಿ ಈ ದಾರಿಯಲ್ಲೇ ನಡೆದು ಹೋಗಿದೆ ಮಾರಾಯ್ತಿ. ನಿಂತಿಲ್ಲ ಅಷ್ಟೆ,” ಎಂದರು.

ಎಷ್ಟು ದೊಡ್ಡದಿರಬೇಕು

ವರ್ಷ ತುಂಬಿತು. ನಾವು ಹನ್ನೆರಡೇ ಮನೆ. ನಮ್ಮ ಹಬ್ಬದ ದಿನ ದೊಡ್ಡ ಫಾದರ್ ತಾವೇ ಪೂಜೆಗೆ ಬರುತ್ತೇನೆಂದರು. ಯಾಕೆ ಬರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಗಂಟೆ ಹೊಡೆಯುವಾಗ ನನಗೆ ಅಳು ಬಂತು, ಇದೇ ಕೊನೆಯ ಗಂಟೆಯೇನೋ ಎಂದು. ಅಳು ಬಂದಷ್ಟೂ ಜೋರಾಗಿ ಹೊಡೆದೆ. ಗೌಡರ ಮನೆಯ ದನ ಕೂಗಿಕೊಂಡವು.

ದೊಡ್ಡ ಫಾದರ್ ಪ್ರಸಂಗ ಶುರು ಮಾಡಿದರು. ಸಣ್ಣ ಬೀಜ, ದೊಡ್ಡ ಮರ, ಬೆಳೆಯದ್ದು ಒಣಗುತ್ತದೆ, ಹೀಗೆ ಸುತ್ತಿ ಸುತ್ತಿ ಬಂದರು. ಕೊನೆಗೆ, “ಆದ್ದರಿಂದ ಇವತ್ತು ನಿಮಗೆ ಒಂದು ಮುಖ್ಯವಾದ ತೀರ್ಮಾನ...” ಎಂದರು.

ಅಜ್ಜಿ ಕೋಲು ಕುಟ್ಟಿದರು. ಎರಡು ಸಲ.

ನಾವು ಬೇಕೆಂದು ಮಾಡಿದ್ದಲ್ಲ. ಎಷ್ಟೋ ವರ್ಷದ ಅಭ್ಯಾಸ, ಕಾಲು ತಾನಾಗಿ ಎದ್ದಿತು, ಬಾಯಿ ತಾನಾಗಿ ತೆರೆಯಿತು. ಇಡೀ ಸಭೆ ಒಂದೇ ದನಿಯಲ್ಲಿ ಪ್ರಾರ್ಥನೆ ಶುರು ಮಾಡಿತು. ಪ್ರಾರ್ಥನೆಯನ್ನು ನಡುವೆ ನಿಲ್ಲಿಸಿ ಎನ್ನಲು ಯಾವ ಫಾದರಿಗೂ ಆಗುವುದಿಲ್ಲ. ಅವರೂ ಕೈ ಮುಗಿದು ಸೇರಿಕೊಂಡರು. ಕೊನೆಯ ಆಶೀರ್ವಾದ ಆದ ಮೇಲಾದರೂ ಹೇಳೋಣವೆಂದು ಮತ್ತೆ ಬಾಯಿ ತೆರೆದರು. ಆಗ ಹಾಡು ಎತ್ತಿದ್ದು ಮಾತ್ರ ನಾನು ಬೇಕೆಂದೇ. ಇದ್ದಬದ್ದ ಚರಣಗಳನ್ನೆಲ್ಲ ಹಾಡಿದೆವು. ಮುಗಿಯುವ ಹೊತ್ತಿಗೆ ಹೊರಗಿನ ಒಲೆಯಿಂದ ಹಂದಿ ಮಾಂಸದ ಘಮ ಒಳಗೆ ಬಂದಿತ್ತು.

ಊಟಕ್ಕೆ ಕೂತಾಗ ಅಜ್ಜಿಯೇ ದೊಡ್ಡ ಫಾದರಿಗೆ ಬಡಿಸಿದರು. ಬಾಳೆಲೆಯ ಮೇಲೆ ಒಳ್ಳೊಳ್ಳೆಯ ತುಂಡುಗಳು ಬಿದ್ದವು. ಅವರು ಸ್ವಲ್ಪ ಮೆತ್ತಗಾಗಿ, ನೀವೇ ಹೇಳಿ ಅಜ್ಜಿ, ಒಂದು ಚರ್ಚು ಎಷ್ಟು ದೊಡ್ಡದಿರಬೇಕು ಎಂದು ಕೇಳಿದರು.

“ಒಂದು ಹಂದಿ ಎಲ್ಲರಿಗೂ ಸಾಲುವಷ್ಟು ಫಾದರ್,” ಎಂದರು ಅಜ್ಜಿ. “ಅದಕ್ಕಿಂತ ದೊಡ್ಡದಾದರೆ ಹಿಂದಿನವರಿಗೆ ರಸ ಮಾತ್ರ. ನಿಮ್ಮ ಪೇಟೆಯಲ್ಲಿ ಅದನ್ನೇ ಕುಡಿದು ಬಂದಿದ್ದೇವೆ.”

ದೊಡ್ಡ ಫಾದರ್ ನಕ್ಕರು, ತಿಂದರು, ಇನ್ನೂ ಸ್ವಲ್ಪ ಎಂದರು. ಅಜ್ಜಿ ಸೌಟು ತುಂಬಿ ಎತ್ತಿದರು. ಎಲೆಯ ಮೇಲೆ ತಂದು ಹಾಗೆಯೇ ಹಿಡಿದು ನಿಂತರು.

“ಚರ್ಚು ಇರ್ತದೋ ಫಾದರ್, ಇಲ್ವೋ?”

ನಾನು ಸೆರಗಿನ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ದೊಡ್ಡ ಫಾದರ್ ಸೌಟು ನೋಡಿದರು, ಅಜ್ಜಿಯನ್ನು ನೋಡಿದರು, ಸುತ್ತಲೂ ತಿನ್ನುವುದು ಬಿಟ್ಟು ಕೂತ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು.

“ಇರ್ತದೆ, ಹಾಕಿ,” ಎಂದರು.

ಅಲ್ಲಿಂದ ಈಚೆಗೆ ನಮ್ಮ ಹಬ್ಬವನ್ನು ಅವರು ಒಂದು ವರ್ಷವೂ ತಪ್ಪಿಸಿಲ್ಲ. ಜೊತೆಗೆ ಪೇಟೆಯ ಫಾದರ್‌ಗಳನ್ನೂ ಕರೆದುಕೊಂಡು ಬರುತ್ತಾರೆ. ಬೀಗದ ಕೈ ಇನ್ನೂ ನನ್ನ ಸೆರಗಿನಲ್ಲೇ ಇದೆ, ಮನೆಗಳು ಇನ್ನೂ ಹನ್ನೆರಡೇ. ಬೆಳೆಯಲೇಬೇಕು ಎಂದು ಹಟ ಹಿಡಿದಿದ್ದರಲ್ಲ, ಅದಕ್ಕೆ ನಾವು ವರ್ಷ ವರ್ಷ ಇನ್ನಷ್ಟು ದೊಡ್ಡ ಹಂದಿಯನ್ನು ಬೆಳೆಸುತ್ತಿದ್ದೇವೆ.