ಉದ್ದವಾಗದ ಬಂಗಾರ

ಇಂಥ ಫಜೀತಿಗಳು ನನಗೊಬ್ಬನಿಗೇ ಏಕೆ ಗಂಟು ಬೀಳುತ್ತವೆಯೋ ಗೊತ್ತಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚಿದೆ. ವಿಷಯ, ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣಗಳು. ಕಣ ದುಂಡಗಿದ್ದರೆ ಬೆಳಕು ಅದನ್ನು ಒಂದೇ ತೆರನಾಗಿ ಅಲುಗಿಸುತ್ತದೆ, ಕಣ ಬೆರೆತ ನೀರು ಕೆಂಪಾಗಿ ಕಾಣುತ್ತದೆ. ಕಡ್ಡಿಯಂತೆ ಉದ್ದವಿದ್ದರೆ ಉದ್ದಕ್ಕೊಂದು ತೆರ, ಅಡ್ಡಕ್ಕೊಂದು ತೆರ, ಬಣ್ಣವೂ ಬೇರೆ. ನನಗೆ ಬೇಕಾದದ್ದು ಕಡ್ಡಿ. ಆರು ವರ್ಷ ಹೆಣಗಿದರೂ ಬಂದದ್ದು ಬರೀ ದುಂಡು.

೧

ರಬಕವಿಯ ನಮ್ಮ ಮಾವನವರು ಸೀರೆ ನೇಯಿಸುವವರು. ಒಮ್ಮೆ ಅವರಿಗೆ ಕೆಂಪು ನೀರಿನ ಬಾಟಲಿ ತೋರಿಸಿ, ಇದರಲ್ಲಿ ಬಂಗಾರವಿದೆ ಎಂದೆ. ಅವರು ಎದ್ದು ಅಡುಗೆಮನೆಗೆ ಹೋಗಿ ಮಗಳ ಕೊರಳು ನೋಡಿ ಬಂದರು. ಎಲ್ಲ ಇದ್ದಲ್ಲೇ ಇತ್ತು. ಆಮೇಲೆ ಬಾಟಲಿಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬಣ್ಣಾ ಛಲೋ ಐತ್ರಿ ಅಳಿಯಾರ. ಒಗದ್ರ ಬಿಡತೈತೇನು?"

೨

ಆಕಾರದ ಮಹಿಮೆ ತಿಳಿಸಲು ವಿದ್ಯಾರ್ಥಿಗಳನ್ನು ಕಾಲೇಜಿನ ಹಿಂದೆ ದನ ನೀರು ಕುಡಿಯುವ ಎರಡು ತೊಟ್ಟಿಗಳ ಬಳಿ ಕರೆದೊಯ್ದೆ, ಒಂದು ದುಂಡು, ಇನ್ನೊಂದು ಉದ್ದ. ದುಂಡನೆಯ ತೊಟ್ಟಿಯಲ್ಲಿ ಯಾವ ಕಡೆಯಿಂದ ತಳ್ಳಿದರೂ ನೀರು ಒಂದೇ ರೀತಿ ತೂಗಾಡುತ್ತದೆ. ಉದ್ದನೆಯದರಲ್ಲಿ ಉದ್ದಕ್ಕೆ ನಿಧಾನ, ಅಡ್ಡಕ್ಕೆ ಬೇಗ. ಬೆಳಕು ತಾಗಿದಾಗ ಬಂಗಾರದೊಳಗಿನ ಎಲೆಕ್ಟ್ರಾನುಗಳೂ ಹೀಗೆಯೇ ತೂಗಾಡುತ್ತವೆ, ಇದೇ ಅನುನಾದ ಎನ್ನುವಷ್ಟರಲ್ಲಿ ಎಮ್ಮೆಯೊಂದು ಬಂದು ಬಾಯಿ ಹಾಕಿತು. ಅದು ಕುಡಿದು ಹೋಗಲಿ, ಅಲ್ಲಿಯವರೆಗೆ ಏನೂ ಕಾಣುವುದಿಲ್ಲ ಎಂದೆ.

ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಬರೆದಿತ್ತು: ಬೆಳಕಿನ ಅನುನಾದ ಆಗಬೇಕಾದರೆ ಹತ್ತಿರ ಎಮ್ಮೆ ಇರಬಾರದು.

೩

ಕೊನೆಗೆ ಗೈಡು ಖಡಾಖಂಡಿತ ಹೇಳಿಬಿಟ್ಟರು. ಸೋಮವಾರ ಕಡ್ಡಿ ತಂದು ತೋರಿಸಬೇಕು, ಇಲ್ಲವಾದರೆ ಹೆಸರು ತೆಗೆಯುತ್ತೇವೆ ಎಂದು. ನಾನು ಆಸೆ ಬಿಟ್ಟೇ ಕೊನೆಯ ಸಲ ಮಾಡಿದೆ. ಆ ಶನಿವಾರ ನೀರು ಕೆಂಪಾಗಲಿಲ್ಲ, ಕಂದು ಬಣ್ಣಕ್ಕೆ ತಿರುಗಿತು. ಬಣ್ಣ ಅಳೆಯುವ ಹಳೆಯ ಯಂತ್ರದಲ್ಲಿಟ್ಟು ನೋಡಿದರೆ ಗೆರೆ ಒಂದಲ್ಲ, ಎರಡು ಕಡೆ ಎದ್ದು ನಿಂತಿತ್ತು, ಉದ್ದಕ್ಕೊಂದು, ಅಡ್ಡಕ್ಕೊಂದು. ಕಡ್ಡಿ! ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಬಾಟಲಿಯನ್ನು ಲ್ಯಾಬಿನ ಜವಾನರ ಕೈಗಿತ್ತು, ಜೋಪಾನ ಮಾಡಿ ಎಂದು ಹೇಳಿ ಮನೆಗೆ ಹೋದೆ.

ಜವಾನರು ನನಗಿಂತ ಹಿರಿಯರು, ಬನಹಟ್ಟಿಯವರು. ನೌಕರಿಗೆ ಮುಂಚೆ ನೂಲಿಗೆ ಬಣ್ಣ ಹಾಕುವಲ್ಲಿ ದುಡಿದವರು. ಅಲ್ಲಿ ಬಣ್ಣ ಸರಿಯಾಗಿ ಏರದಿದ್ದರೆ ಮತ್ತೆ ಕುದಿಸುತ್ತಾರೆ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟವನು ಬಾಟಲಿ ತೆಗೆದುಕೊಳ್ಳಲು ಹೋದೆ. ನೀರು ಕೆಂಪಗೆ, ದಾಸವಾಳದಂತೆ ಇತ್ತು. ಕುದಿಸಿದರೆ ಕಡ್ಡಿಗಳು ಮುದುಡಿ ದುಂಡಗಾಗುತ್ತವೆ. ಈ ಮಾತು ಜಮಖಂಡಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ, ಹೇಳದೇ ಹೋಗಿದ್ದವನೂ ನಾನೇ.

"ಆರು ವರ್ಷದಾಗ ನೀವು ಕೆಂಪ ಬಿಟ್ಟು ಬ್ಯಾರೆ ಮಾಡಿದ್ದ ನೋಡಿಲ್ರಿ ಸರ," ಎಂದರು ಜವಾನರು. "ಶನಿವಾರ ಕೆಟ್ಟಿತ್ತು, ನೀವು ಅಳಾಕತ್ತಿದ್ರಿ. ನನಗ ತಡಕೊಳ್ಳಾಕ ಆಗಲಿಲ್ಲ. ನಿನ್ನಿ ರಜಾ ಇದ್ರೂ ಬಂದು, ಇಡೀ ದಿನಾ ಕುದಿಸಿ ಸರಿ ಮಾಡೇನ್ರಿ."

ನನ್ನ ಕಣ್ಣಲ್ಲಿ ಮತ್ತೆ ನೀರು ಬಂತು. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಇನ್ನೊಮ್ಮೆ ಕೆಟ್ರೂ ಅಳಬ್ಯಾಡ್ರಿ ಸರ. ನಾ ಅದೀನಿ."